ಅಲಮಾರಿಯಲ್ಲಿ ಕೂತವಳು

ನಿರ್ದೇಶಕ ಮಹಾಶಯ,

ಇವತ್ತು ನಿನ್ನ ಸಿನಿಮಾ ನೋಡಿದೆ. ಅಲಮಾರಿಯೊಳಗೆ ಕೂತ ಹೆಂಗಸು ಒಂದು ಅಂಗಿಯ ಗುಂಡಿಯನ್ನು ಇನ್ನೊಂದರ ಕಾಜಕ್ಕೆ ಹಾಕತೊಡಗಿದಾಗ, “ತಲೆ ಕೆಟ್ಟಿದೆ ಇವನಿಗೆ” ಎನ್ನುತ್ತ ಅರ್ಧ ಜನ ಎದ್ದುಹೋದರು. ಉಳಿದವರು ಕೊನೆಗೆ ನಿಂತು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಅದು ನನ್ನ ಕನಸು. ನಾವಿಬ್ಬರೂ ಜೊತೆಗಿದ್ದಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿನಗೆ ಹೇಳಿದ್ದೆ. ಅಲ್ಲಿ ನಿನ್ನ ಹೊಸ ಹೆಂಡತಿಯನ್ನು ಕೂರಿಸಿದ್ದೀಯ. ಅವಳಿಗೆ ನೆಟ್ಟಗೆ ಗುಂಡಿ ಹಾಕಲೂ ಬರುವುದಿಲ್ಲ.

ಪಕ್ಕದ ಸೀಟಿನ ಅಜ್ಜಿ ಕೇಳಿದರು, “ಅವಳ್ಯಾಕಮ್ಮ ಒಳಗೆ ಕೂತಿದಾಳೆ?”

“ಸಿನಿಮಾ ತೆಗೆದವನಿಗೂ ಗೊತ್ತಿಲ್ಲ ಅಜ್ಜಿ.”

ಈ ಪತ್ರವನ್ನು ಹೇಗೂ ನಿನಗೆ ಕಳಿಸುವುದಿಲ್ಲ, ಹೇಳಿಬಿಡುತ್ತೇನೆ. ಕನಸಿನ ಅಲಮಾರಿಯಲ್ಲಿ ಯಾರೋ ಕೂತು ಗುಂಡಿ ಹಾಕುತ್ತಿದ್ದರು ಎಂದಷ್ಟೇ ಅವತ್ತು ಹೇಳಿದ್ದೆ. ಕೂತಿದ್ದವನು ನೀನು. ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು.