ಬಿಟ್ಟುಹಾಕಿದ ನಲವತ್ತೊಂದು ಮಾತು

ಪ್ಯಾರಿಸ್, 1836 ಫೆಬ್ರವರಿ 2. ಸಂಜೆ ನಾಲ್ಕು

ಇಡೀ ದಿನ ಥಿಯೇಟರಿಗೆ ಹಾಡುಗಳ ನಕಲು ಬರೆದೆ. ಮಾತು ನಾಳೆಯಿಂದ. ಪ್ರತಿ ನಟನಿಗೆ ಕೊಡುವ ನಕಲಿನಲ್ಲಿ ಅವನವನ ಮಾತು, ಹಿಂದಿನವನ ಕೊನೆಯ ಎರಡು ಪದ—ಅಷ್ಟೇ. ಇಡೀ ನಾಟಕ ಒಟ್ಟಿಗಿರುವುದು ನನ್ನ ಮೇಜಿನ ಮೇಲೆ, ನನ್ನ ಗಂಡ ಆನ್ಸೆಲ್ಮ್ ಅವರ ಕೈಬರಹದಲ್ಲಿ. ಕೆಮ್ಮುತ್ತಲೇ ಬರೆದ ಹಾಸ್ಯ. ಪುಟಗಳಿಗೆ ಔಷಧಿ ಕಲೆ. ಅವರು ತೀರಿಹೋಗಿ ಇವತ್ತಿಗೆ ಐವತ್ತು ದಿನ...

ಗೋದ್ರಿ ಬಂದಿದ್ದ. ಹನ್ನೆರಡು ವರ್ಷ ಅವರ ಜೊತೆ ಬರೆದವನು. ಬರೆದದ್ದೇನು, ಮ್ಯಾನೇಜರುಗಳ ಜೊತೆ ಊಟ ಮಾಡಿದ.

"ಅತ್ತಿಗೆ, ಮೊದಲ ದಿನ ಆಟ ಮುಗಿದ ಮೇಲೆ ನಟ ಲೊರಿಯೋ ಮುಂದೆ ಬಂದು ಬರೆದವರ ಹೆಸರು ಹೇಳ್ತಾನಲ್ಲ? ನನ್ನೊಬ್ಬನದೇ ಹೇಳಲಿ."

"ಬರೆದದ್ದು ಅವರು."

"ಯಾರು ಇಲ್ಲ ಅಂದ್ರು? ಆದ್ರೆ ಚಪ್ಪಾಳೆ ಕೇಳಿಸ್ಕೊಳ್ಳೋಕೆ ಕಿವಿ ಬೇಕಲ್ಲ."

ಈರುಳ್ಳಿ ಸೂಪು ಸೀದುಹೋಯಿತು.

ಫೆಬ್ರವರಿ 3. ಬೆಳಿಗ್ಗೆ

ಹಾಡು ಮುಟ್ಟುವಂತಿಲ್ಲ, ಸಂಗೀತಗಾರನಿಗೆ ತಿಳಿಯುತ್ತದೆ. ಹಾಡುಗಳ ನಡುವಿನ ಮಾತು ನನ್ನ ಕೈಯಲ್ಲಿದೆ. ನಗು ಬರುವ ಮಾತೆಲ್ಲ ಬಿಟ್ಟು ನಕಲು ಮಾಡುತ್ತೇನೆ. ಲೆಕ್ಕ ಹಾಕಿದೆ. ನಲವತ್ತೊಂದು. ಗೋದ್ರಿಗೆ ಗೊತ್ತಾಗುವುದಿಲ್ಲ—ಓದಿದ್ದರೆ ತಾನೆ? ಅವನ ಹೆಸರು ಹೇಳಿದಾಗ ಇಡೀ ಥಿಯೇಟರು ಛೀ ಥೂ ಎಂದು ಸೀಟಿ ಹೊಡೆಯಲಿ.

ಫೆಬ್ರವರಿ 15

ತಾಲೀಮು ನೋಡಿದೆ. ಯಾರೂ ನಗಲಿಲ್ಲ. ದೀಪದವನು ಆಕಳಿಸಿದ. ಹಾಸ್ಯ ಪಾತ್ರದ ಮುದುಕ ಲೊರಿಯೋ ನನ್ನ ಹತ್ತಿರ ಬಂದು, "ಮದಾಮ್, ಇದು ನಮ್ಮ ಆನ್ಸೆಲ್ಮ್ ಬರೆದದ್ದೇನಾ? ಉಪ್ಪೇ ಇಲ್ವಲ್ಲ" ಅಂದ. ಗೋದ್ರಿಯ ಮುಖ ಬೂದಿಯಾಗಿತ್ತು.

ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಎಷ್ಟೋ ದಿನದ ಮೇಲೆ.

ಫೆಬ್ರವರಿ 16. ಮಧ್ಯಾಹ್ನ

ಗೋದ್ರಿ ಮತ್ತೆ ಬಂದ. ಟೋಪಿ ಕೈಯಲ್ಲಿ.

"ನಿಮ್ಮ ಮಾತೇ ಸರಿ ಅತ್ತಿಗೆ. ಬರೆದದ್ದು ಅವನು. ಅವನೊಬ್ಬನ ಹೆಸರೇ ಹೇಳಲಿ. ನನ್ನದು ಬೇಡವೇ ಬೇಡ."

ಈ ಆಟದಲ್ಲಿ ತನ್ನದು ಒಂದಕ್ಷರವೂ ಇಲ್ಲವೆಂದು ಮ್ಯಾನೇಜರಿಗೆ ಸಹಿ ಹಾಕಿ ಪತ್ರ ಕೊಟ್ಟಿದ್ದಾನಂತೆ.

ಅವನು ಹೋದ ಮೇಲೆ ಬಿಟ್ಟ ಮಾತುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಇನ್ನು ಸೀಟಿ ಬೀಳುವುದು ಆನ್ಸೆಲ್ಮ್ ಅವರ ಹೆಸರಿಗೆ. ಮಾಡಿದವಳು ನಾನು. ಮೊದಲ ಆಟಕ್ಕೆ ಮೂರೇ ದಿನ—

ಫೆಬ್ರವರಿ 17

ಬೆಳಕು ಹರಿಯುವ ಮೊದಲೇ ಲೊರಿಯೋ ಮನೆಗೆ ಹೋದೆ. ಎಲ್ಲ ಹೇಳಿದೆ. ಬೈದ. ಆಮೇಲೆ ಬಿಟ್ಟ ಮಾತುಗಳ ಹಾಳೆ ಕಸಿದುಕೊಂಡು ಓದಿದ. ನಕ್ಕ. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡ.

"ಎರಡು ದಿನದಲ್ಲಿ ನಲವತ್ತೊಂದು ಮಾತು! ನನ್ನ ಬಾಯೇನು ಗಿರಣಿನಾ?"

"ಆಗಲ್ವಾ?"

"ಆಗಲ್ಲ ಅಂತ ಯಾರಂದ್ರು? ಆ ಗೋದ್ರಿ ಕಿವಿಗೆ ಬೀಳಬಾರದು, ಅಷ್ಟೇ."

ಉಳಿದ ನಾಲ್ವರು ನಟರನ್ನೂ ಕರೆಸಿದ. ಅವನ ಅಡುಗೆಮನೆಯಲ್ಲೇ ತಾಲೀಮು. ಅವನ ಹೆಂಡತಿ ನಕ್ಕೂ ನಕ್ಕೂ ಹಾಲು ಉಕ್ಕಿಸಿದಳು. ಬಾಗಿಲ ಹಿಂದೆ ನಿಂತು ಕೇಳಿದೆ. ಪಕ್ಕದಲ್ಲಿ ಅವರೂ ಇದ್ದಾರೆ ಅನ್ನಿಸಿತು...

ಫೆಬ್ರವರಿ 18. ಸಂಜೆ ಐದು

ಗೋದ್ರಿಯ ಪತ್ರ ಮ್ಯಾನೇಜರ ಮೇಜಿನ ಸೆಳೆಖಾನೆಯಲ್ಲಿದೆ. ನೋಡಿಕೊಂಡು ಬಂದೆ. ಸಹಿ ದೊಡ್ಡದಾಗಿದೆ. ಬಾಗಿಲಲ್ಲೇ ಗೋದ್ರಿ ಸಿಕ್ಕಿದ. ನನ್ನ ಕೈ ಹಿಡಿದುಕೊಂಡ.

"ನಾಳೆ ಬರ್ತೀನಿ ಅತ್ತಿಗೆ, ಆನ್ಸೆಲ್ಮ್‌ಗೋಸ್ಕರ. ಜನ ಸೀಟಿ ಹೊಡೆದ್ರೆ ನೊಂದ್ಕೋಬೇಡಿ."

"ನೀವೂ ನೊಂದ್ಕೋಬೇಡಿ" ಅಂದೆ.

ಲೊರಿಯೋಗೆ ಹೆಸರು ಬರೆದುಕೊಟ್ಟೆ. ಒಂದೇ ಹೆಸರು. ಕಪ್ಪು ಉಡುಪು ಇಸ್ತ್ರಿಯಾಯಿತು. ನಾಳೆ ಏಳಕ್ಕೆ ತೆರೆ ಏಳುತ್ತದೆ. ಗೋದ್ರಿ ಕೂರುವುದು ನನ್ನ ಎದುರಿನ ಬಾಕ್ಸಿನಲ್ಲಿ, ಜನ ನಕ್ಕಾಗ ಅವನ ಮುಖ ನನಗೆ ಕಾಣುವಂತೆ.