ಭತ್ತ ತೂರುವವರ ಕಣ್ಣು ಮತ್ತು ಒಂದು ಸಾಲು

ನಿಯೋನೊ, ಮಾಲಿ
೯ ನವೆಂಬರ್ ೨೦೧೬

ಪ್ರೀತಿಯ ದ್ರಿಸ್ಸಾ, ನನ್ನ ಚಿಕ್ಕ ಗಂಡನೇ,

ಆರೋಗ್ಯವೆ? ಲಿವರ್‌ಪೂಲಿನ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಮಗುವಿಗೆ ಹಲ್ಲು ಬಂದವೆ? ಇಲ್ಲಿ ನಿನ್ನ ಅಣ್ಣ ಕ್ಷೇಮ. ಸಕ್ಕರೆ ಕಾಯಿಲೆ ಹದದಲ್ಲಿದೆ, ನಾಲಗೆ ಹದದಲ್ಲಿಲ್ಲ. ಚಹಾದ ಮೂರನೆಯ ಸುತ್ತಿಗೂ ಸಕ್ಕರೆ ಬೇಕೆನ್ನುತ್ತಾರೆ. ಕಾಲುವೆ ತುಂಬಿದೆ, ಭತ್ತ ಬಾಗಿದೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಈಗಲೂ ಒಬ್ಬಳೇ ಮೇಡಂ, ಅವಳೂ ನಾನೇ. ಕುಶಲ ಮುಗಿಯಿತು, ಇನ್ನು ಬೈಗುಳ.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ಅತ್ತಿಗೆ ಬೈದರೆ ಮೈದುನ ನಗಬೇಕು, ಮೈದುನ ಕೆಣಕಿದರೆ ಅತ್ತಿಗೆ ಮುನಿಯಬಾರದು. ಇದು ನಮ್ಮಲ್ಲಿ ಹಿರಿಯರ ಕಾಲದಿಂದ ಬಂದ ಕಟ್ಟಳೆ; 'ಚಿಕ್ಕ ಗಂಡ', 'ದೊಡ್ಡ ಹೆಂಡತಿ' ಎಂಬ ಕರೆಯೂ ಆ ತಮಾಷೆಯದೇ. ಇಪ್ಪತ್ತೆರಡು ವರ್ಷ ನಾನು ನಿನ್ನನ್ನು 'ಅಲಸಂದೆ ತಿನ್ನೋನೇ' ಎಂದು ಹಂಗಿಸಿದೆ, ನೀನು 'ಮುದುಕೀ, ಅಣ್ಣ ಬಿಟ್ರೆ ನಾನಿದೀನಿ' ಎಂದೆ, ಇಬ್ಬರೂ ನಕ್ಕೆವು. ಆ ಸಲಿಗೆಯಲ್ಲೇ ಇದೂ ಕರಗಿಹೋದೀತೆಂಬ ಭಯಕ್ಕೆ ಕಾಗದ ಹಿಡಿದಿದ್ದೇನೆ. ನಿಮ್ಮೂರಿಗೇ ಓದಲು ಹೊರಟಿರುವ ಪಕ್ಕದ ಮನೆಯ ಬಿಂತು ಕೈಯಲ್ಲಿ ಕಳಿಸುತ್ತೇನೆ. ಈ ಸಲ ನಾನು ನಗುತ್ತಿಲ್ಲ, ದ್ರಿಸ್ಸಾ. ನೀನೂ ನಗಬೇಡ.

ನೀನು ಕಳಿಸಿದ ಇಂಗ್ಲಿಷ್ ವೈದ್ಯಪತ್ರಿಕೆ ಬಂತು. ಕಾಗದ ಎಷ್ಟು ನುಣುಪೆಂದರೆ ಅದರ ಮೇಲೆ ಸತ್ಯ ಕೂಡ ಜಾರಿಬಿದ್ದಿದೆ. ಭತ್ತ ತೂರುವ ಹೆಂಗಸರ ಕಣ್ಣಿನ ಹುಣ್ಣಿನ ಬಗ್ಗೆ ನಿನ್ನ ಲೇಖನ. ಹೊಟ್ಟು ಬಿದ್ದ ಗಂಟೆಯೊಳಗೆ ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದರೆ ಕಣ್ಣು ಉಳಿಯುತ್ತದೆ ಎಂಬ ಮಾತು. ಎಲ್ಲ ಚೆನ್ನಾಗಿದೆ. ಮೂರನೆಯ ಸಾಲಿನಲ್ಲಿ ಮಾತ್ರ ಬರೆದಿದ್ದೀಯ: ಈ ಪ್ರದೇಶದಿಂದ ಇಂತಹ ಅಧ್ಯಯನ ಇದೇ ಮೊದಲು.

ಮೊದಲೇ? ಹಾಗಾದರೆ ಹದಿನೇಳು ವರ್ಷದ ಹಿಂದೆ ಬಮಾಕೊದ ನಮ್ಮ ಫ್ರೆಂಚ್ ವೈದ್ಯಪತ್ರಿಕೆಯಲ್ಲಿ ಅಚ್ಚಾದದ್ದೇನು, ಮದುವೆಯ ಕರೆಯೋಲೆಯೇ? ಇನ್ನೂರ ಹನ್ನೆರಡು ಹೆಂಗಸರ ಕಣ್ಣು ನೋಡಿ ಬರೆದ ಲೇಖನ. ಮೊದಲ ಹೆಸರು ನಿನ್ನ ಅಣ್ಣ ಡಾಕ್ಟರ್ ಝೂಮಾನಾ ಅವರದು, ಎರಡನೆಯದು ದಾದಿ ನ್ಯೆಲೆಯದು, ಮೂರನೆಯದು ಆಗಿನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ನಿನ್ನದೇ. ಅಣ್ಣನನ್ನು ಅಳಿಸುವ ಭರದಲ್ಲಿ ನಿನ್ನನ್ನೂ ಅಳಿಸಿಕೊಂಡೆಯಲ್ಲ ಮಾರಾಯ. ಆ ಸುಗ್ಗಿಯಲ್ಲಿ ನ್ಯೆಲೆ ಉಪ್ಪಿನ ಡಬ್ಬಿ ಸೊಂಟಕ್ಕೆ ಕಟ್ಟಿಕೊಂಡು ಕಣದಿಂದ ಕಣಕ್ಕೆ ನಡೆದದ್ದು ಮರೆತೆಯಾ? 'ಕಣ್ಣಿಗೆ ಎಲೆ ರಸ ಹಿಂಡ್ಬೇಡ್ರೇ, ಕಣ್ಣು ಹೋದ್ಮೇಲೆ ಗಂಡನ್ನ ಹ್ಯಾಗೆ ಬೈತೀರಿ, ಗುರಿ ತಪ್ಪತ್ತೆ' ಎಂದು ನಗಿಸಿ ನಗಿಸಿ ತೊಳೆಸಿದಳು.

ಪತ್ರಿಕೆಯ ಜೊತೆ ನೀನಿಟ್ಟ ಚೀಟಿಯೂ ಸಿಕ್ಕಿತು. 'ಅತ್ತಿಗೆ, ಆ ಹಳೇ ಲೇಖನ ಯಾವ ಸೂಚಿಯಲ್ಲೂ ಸಿಗ್ತಿಲ್ಲ, ಅದರ ಉಲ್ಲೇಖ ತೆಗೀರಿ ಅಂದ್ರು ಸಂಪಾದಕರು. ತೆಗೆದೆ.' ಎಷ್ಟು ಸಲೀಸು. ಜಗತ್ತಿನ ವೈದ್ಯಪತ್ರಿಕೆಗಳನ್ನೆಲ್ಲ ಪಟ್ಟಿಮಾಡುವ ಆ ಸೂಚಿಗೆ ನಮ್ಮದನ್ನೂ ಸೇರಿಸಿ ಎಂದು ಬಮಾಕೊದವರು ಮೂರು ಸಲ ಅರ್ಜಿ ಹಾಕಿದರು. ಪ್ರತಿ ಲೇಖನಕ್ಕೂ ಇಂಗ್ಲಿಷ್ ಸಾರಾಂಶ ಬೇಕೆಂಬ ಉತ್ತರ ಬಂತು. ಉತ್ತರಪತ್ರಿಕೆ ತಿದ್ದುವುದರ ನಡುವೆ ಹನ್ನೊಂದು ವರ್ಷ ನಾನೇ ಬರೆದುಕೊಟ್ಟೆ. ಪಿತ್ತಕೋಶಕ್ಕಾಗಿ ಶಬ್ದಕೋಶ ತಡಕಿ ತಡಕಿ ನನ್ನದೇ ಪಿತ್ತ ಕೆರಳಿತು. ಆಮೇಲೆ, ಪತ್ರಿಕೆ ಸಕಾಲಕ್ಕೆ ಹೊರಬರುತ್ತಿಲ್ಲ ಎಂದರು. ನಿಜ, ನಮ್ಮ ತ್ರೈಮಾಸಿಕ ನಾಲ್ಕನೆಯ ಸಲ ಹೊರಬರುವಷ್ಟರಲ್ಲಿ ವರ್ಷ ಎರಡಾಗಿರುತ್ತದೆ, ಕರೆಂಟು ಹೋದರೆ ಅಚ್ಚಿನ ಯಂತ್ರವೇನು ಮಾಡೀತು? ಆದರೆ ತಡವಾಗಿ ಬಂದ ಮಾತ್ರಕ್ಕೆ ಮಾತು ಸುಳ್ಳಾಗುತ್ತದೆಯೇ? ಸೂಜಿಗಾದರೂ ಒಂದು ಕಣ್ಣಿದೆ, ಅವರ ಸೂಚಿಗೆ ಅದೂ ಇಲ್ಲ. ಕಣ್ಣಿನ ಬಗ್ಗೆ ಬರೆದದ್ದೇ ಯಾರ ಕಣ್ಣಿಗೂ ಬೀಳಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರು ಕಾಣದೆ ಇಲ್ಲವೆಂದರು, ನೀನು ಕಂಡೂ ಇಲ್ಲವೆಂದೆ. ಈ ಸಿಟ್ಟು ಬೇರೆ. ಆ ಹಳೆಯ ಸಂಚಿಕೆ ನಮ್ಮ ಬೀರುವಿನಲ್ಲಿ, ನಿನ್ನ ಅಣ್ಣನ ಹಬ್ಬದ ನಿಲುವಂಗಿಯ ಕೆಳಗೆ ಇದೆ. ಒಂದು ಮಾತು ಕೇಳಿದ್ದರೆ ಪುಟಪುಟದ ಫೋಟೊ ತೆಗೆದು ಕಳಿಸುತ್ತಿದ್ದೆ. 'ಇಗೋ ನೋಡಿ' ಎಂದು ಸಂಪಾದಕರ ಮೇಜಿನ ಮೇಲೆ ಇಡುವಷ್ಟು ಇಂಗ್ಲಿಷನ್ನು ನಿನಗೆ ಈ ಮನೆಯ ಅಂಗಳದಲ್ಲೇ ಕಲಿಸಿದ್ದೆ.

ಮಗುವಿಗೆ ಒಂದು ಮುತ್ತು. ದೇವರು ನಿನ್ನ ಹಾದಿಯನ್ನು ತಂಪಾಗಿಡಲಿ; ಕಿವಿಯನ್ನು ಬಿಸಿ ಮಾಡುವ ಕೆಲಸ ನನಗಿರಲಿ.

ನಿನ್ನ ದೊಡ್ಡ ಹೆಂಡತಿ, ಈ ಸಲ ಬರೀ ಅತ್ತಿಗೆ,
ಅಸಿತಾನ್

ತಾ.ಕ.: ಬಿಂತು ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ನಿನ್ನ ಅಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ. ನಿನ್ನ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು 'ಅಸಿತಾನ್, ನಮ್ಮ ಕೆಲಸದ ಮಾತು ಎಲ್ಲಾದ್ರೂ ಬಂದಿದ್ಯೇನೆ?' ಎಂದು ಕೇಳಿದರು. 'ಇಲ್ದೆ ಏನು, ಮೂರನೇ ಸಾಲಲ್ಲೇ ಇದೆ' ಎಂದು ಇಲ್ಲದ ಸಾಲೊಂದನ್ನು ಓದಿಬಿಟ್ಟೆ. ಇನ್ನೊಮ್ಮೆ ಓದಿಸಿಕೊಂಡರು. ನ್ಯೆಲೆಯನ್ನು ಕರೆಸಿ ಮತ್ತೊಮ್ಮೆ. ಇಪ್ಪತ್ತಾರಕ್ಕೆ ಆಸ್ಪತ್ರೆಯಲ್ಲಿ ಸುಗ್ಗಿಗೆ ಮುಂಚಿನ ಸಭೆಯಿದೆ. ಇಂಗ್ಲಿಷ್ ಬಲ್ಲ ಹೊಸ ಡಾಕ್ಟರು ಅಂತರ್ಜಾಲದಿಂದ ನಿನ್ನ ಲೇಖನ ತೆಗೆದು, ಪರದೆಯ ಮೇಲೆ ತೋರಿಸಿ, ಆ ಸಾಲನ್ನು ಎಲ್ಲರೆದುರು ಓದುತ್ತಾರಂತೆ. ಅಣ್ಣ ನಿಲುವಂಗಿ ಇಸ್ತ್ರಿಗೆ ಕೊಟ್ಟಿದ್ದಾರೆ. ಅಂತರ್ಜಾಲದ ಪ್ರತಿಗೆ ತಿದ್ದುಪಡಿ ಮಾಡಿಸಲು ಒಂದು ವಾರ ಸಾಕೆಂದು ನೀನೇ ಒಮ್ಮೆ ಕೊಚ್ಚಿಕೊಂಡಿದ್ದೆ. ನಾನು ಓದಿದ್ದು ಇದು, ಆ ಮೂರನೆಯ ಸಾಲಿನ ಜಾಗದಲ್ಲಿ ಹೀಗೆಯೇ ಸೇರಿಸು: 'ಇದನ್ನು ಮೊದಲು ಕಂಡವರು ನಿಯೋನೊದ ಡಾಕ್ಟರ್ ಝೂಮಾನಾ ತಂಗಾರಾ ಮತ್ತು ದಾದಿ ನ್ಯೆಲೆ; ನಾನು ಅವರ ಹಿಂದೆ ನಡೆದವನು.'