ಕೊಬ್ಬರಿ ಅಟ್ಟದ ಬಾಗಿಲು

ತಿಪಟೂರು
೧೪ ಜುಲೈ ೧೯೭೯

ಮಾನ್ಯ ಶ್ರೀರಂಗಯ್ಯನವರಿಗೆ,

ನಿಮ್ಮ ಕಾವಲುಗಾರ ಸತ್ಯಪ್ಪನವರ ಮಗ ಪ್ರಭುದಾಸನ ವಂದನೆಗಳು.

ಅಟ್ಟದ ಮೇಲಿನ ತೆಂಗಿನಕಾಯಿ ಒಣಗಲೆಂದು ಕೆಳಗೆ ಮಟ್ಟೆಯ ಬೆಂಕಿ ಹಾಕಿಸುತ್ತೀರಿ. ರಾತ್ರಿ ಕಳ್ಳರ ಭಯಕ್ಕೆ ಬಾಗಿಲು ಮುಚ್ಚಿಸಿ ಅಪ್ಪನನ್ನು ಕಿಟಕಿಯಿಲ್ಲದ ಆ ಕೋಣೆಯೊಳಗೇ ಮಲಗಿಸುತ್ತೀರಿ. ಹೊಗೆ ಮೆದುಳನ್ನು ಮಂಕು ಮಾಡುತ್ತದೆಂದು ಮಿಷನ್ ಆಸ್ಪತ್ರೆಯ ಕರಪತ್ರದಲ್ಲಿದೆ. ನಿನ್ನೆ ಅದನ್ನು ಹೇಳಿದಾಗ ನೀವು, "ಎರಡು ಹಾಳೆ ಓದಿ ಡಾಕ್ಟ್ರಾಗ್ಬುಟ್ಯೇನ್ಲಾ?" ಎಂದು ನಕ್ಕಿರಿ. ಅಪ್ಪನೂ ನಕ್ಕರು: "ಬುಡು ಮಗ, ಹೊಗೆ ಕುಡಿದ್ರೇ ಕೊಬ್ಬರಿ ಗಟ್ಟಿಯಾಗೋದು. ನಾನೂ ಹಂಗೇ."

ಆದರೆ ಕಳೆದ ಭಾನುವಾರ ಚರ್ಚಿನಲ್ಲಿ, ಬಾಲ್ಯದಿಂದ ಹೇಳಿಕೊಂಡು ಬಂದ ಕರ್ತನ ಪ್ರಾರ್ಥನೆಯ ನಡುವೆ ಅಪ್ಪ ಮಾತು ಮರೆತು ನಿಂತರು. ಮುಂದೇನೆಂದು ಮೆಲ್ಲಗೆ ನನ್ನನ್ನು ಕೇಳಿದರು. ಆಗ ಅವರು ನಗಲಿಲ್ಲ.

ಬುದ್ಧಿ ದೇವರು ಕೊಟ್ಟದ್ದು. ಅದನ್ನು ಹೊಗೆಗೆ ಹಾಕಲು ಅಪ್ಪನಿಗೇ ಹಕ್ಕಿಲ್ಲ, ನಿಮಗೆಲ್ಲಿಂದ ಬಂತು?

ದಯವಿಟ್ಟು ಆ ಕೋಣೆಯ ಗೋಡೆಗೊಂದು ಕಿಟಕಿ ಇಡಿಸಿ. ಅಲ್ಲಿಯವರೆಗೆ ಅಪ್ಪನ ಬದಲು ಕಾವಲಿಗೆ ನಾನೇ ಬರುತ್ತೇನೆ. ಬಾಗಿಲು ತೆರೆದಿಟ್ಟು ಹೊಸ್ತಿಲಿಗೆ ಅಡ್ಡಲಾಗಿ ಮಲಗುತ್ತೇನೆ. ಕಾಯಿ ಕಳುವಾದರೆ ನೀವು ನನ್ನನ್ನು ಕೇಳಿ. ಅಪ್ಪನ ನೆನಪು ಹೋದರೆ ನಾನು ನಿಮ್ಮನ್ನು ಕೇಳುತ್ತೇನೆ.

ಇಂದು ಸಂಜೆಯೇ ಚಾಪೆ ತರುತ್ತೇನೆ.

ಇತಿ,
ಪ್ರಭುದಾಸ